ಅವಿಲು: ಹಿತ್ತಿಲಿನ ಐದಾರು ತರಕಾರಿ, ಒಂದೇ ಪದಾರ್ಥ



ವಾರದ ಸಭೆಯಲ್ಲಿ ಉಳಿತಾಯ, ಸಾಲ, ಮರುಪಾವತಿಯ ಲೆಕ್ಕ ಮುಗಿದ ಮೇಲೆ ಆಹಾರದ ವಿಷಯ ಎತ್ತಿದರೆ ಹೆಚ್ಚಿನ ಸಂಘಗಳಲ್ಲಿ ನಮಗೆ ಸಿಗುವ ಉತ್ತರ ಒಂದೇ. "ತರಕಾರಿ ತಿನ್ನಿ ಅಂತ ನೀವು ಹೇಳ್ತೀರಿ, ಮಾರ್ಕೆಟಲ್ಲಿ ಕ್ರಯ ಎಷ್ಟುಂಟು ಗೊತ್ತುಂಟಾ?" ಈ ಮಾತು ಸುಳ್ಳಲ್ಲ. ಬೀನ್ಸ್, ಕ್ಯಾರೆಟ್, ಕೋಸು ಇವೆಲ್ಲ ಘಟ್ಟದ ಮೇಲಿಂದ ಲಾರಿಯಲ್ಲಿ ಇಳಿದು ನಮ್ಮ ಕರಾವಳಿಗೆ ಬರಬೇಕು. ಮಳೆಗೆ ಘಾಟಿ ರಸ್ತೆ ಕೆಟ್ಟಿತೆಂದರೆ ಮರುದಿನವೇ ಕ್ರಯ ಏರುತ್ತದೆ. ಇನ್ನು ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲವಾದ್ದರಿಂದ ಮೀನೂ ದುಬಾರಿ. ಹೀಗಾಗಿ ಮಳೆಗಾಲದಲ್ಲಿ ಎಷ್ಟೋ ಮನೆಗಳ ಊಟ ಗಂಜಿ, ಚಟ್ನಿ, ಉಪ್ಪಿನಕಾಯಿ, ಒಂದು ತುಂಡು ಒಣಮೀನಿನಲ್ಲಿಯೇ ಮುಗಿದುಹೋಗುತ್ತದೆ.

ಆದರೆ ಅದೇ ಮನೆಗಳ ಹಿತ್ತಿಲಿಗೆ ಹೋಗಿ ನೋಡಿದರೆ ಬೇಲಿಯಲ್ಲಿ ನಾಲ್ಕು ತೊಂಡೆಕಾಯಿ ಇರುತ್ತದೆ. ಒಂದು ಹಿಡಿ ಅಲಸಂಡೆ ಇರುತ್ತದೆ. ನುಗ್ಗೆಮರದಲ್ಲಿ ಎರಡು ಕಾಯಿ, ಬಾಳೆಗೊನೆಯಲ್ಲಿ ಒಂದು ಚಿಪ್ಪು, ಬಚ್ಚಲ ನೀರು ಹೋಗುವಲ್ಲಿ ಒಂದು ಸುವರ್ಣಗಡ್ಡೆ. "ಇಷ್ಟರಲ್ಲಿ ಏನು ಪದಾರ್ಥ ಮಾಡುವುದು? ಒಂದೂ ಒಂದು ಹೊತ್ತಿಗೆ ಸಾಕಾಗೋದಿಲ್ಲ" ಎಂದು ಅವು ಬಲಿತು ನಾರಾಗುವ ತನಕ ಅಲ್ಲಿಯೇ ಉಳಿಯುತ್ತವೆ. ಯಾವುದೂ ಒಂದು ಹೊತ್ತಿಗೆ ಸಾಲದ ಇಂಥ ತರಕಾರಿಗಳಿಗಾಗಿಯೇ ನಮ್ಮ ಹಿರಿಯರು ಮಾಡಿಟ್ಟ ಅಡುಗೆ ಒಂದಿದೆ. ಅದೇ ಅವಿಲು. ಈ ಸಲದ ಪತ್ರದಲ್ಲಿ ಅದನ್ನು ಮನೆಯಲ್ಲಿ ಮಾಡುವುದು ಹೇಗೆ, ಅದರಲ್ಲಿ ನಮಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ತಿಳಿಯೋಣ.

ಹೆಸರು ಎಲ್ಲಿಂದ ಬಂತು?

ಅವಿಲು ಮೂಲತಃ ಕೇರಳ ಮತ್ತು ಅದಕ್ಕೆ ತಾಗಿದ ದಕ್ಷಿಣ ತಮಿಳುನಾಡಿನ ಅಡುಗೆ. ಅಲ್ಲಿ ಇದನ್ನು 'ಅವಿಯಲ್' ಎನ್ನುತ್ತಾರೆ. ಅವಿ ಎಂದರೆ ಆ ಭಾಷೆಗಳಲ್ಲಿ ಬೇಯುವುದು, ಹಬೆಯಲ್ಲಿ ಬೇಯುವುದು. ಓಣಂ ಹಬ್ಬದ ಎಲೆಯೂಟದಲ್ಲಿ ಅವಿಯಲ್ ಇರಲೇಬೇಕು. ನಾನಾ ಸಾಮಾನು ಕಲಸಿಹೋದ ಸ್ಥಿತಿಗೂ ಅಲ್ಲಿಯವರು ಅವಿಯಲ್ ಎಂದೇ ಹೇಳುವುದುಂಟು. ಅಜ್ಞಾತವಾಸದಲ್ಲಿ ವಿರಾಟನ ಅರಮನೆಯಲ್ಲಿ ವಲಲನೆಂಬ ಹೆಸರಿನಿಂದ ಅಡುಗೆ ಕೆಲಸಕ್ಕಿದ್ದ ಭೀಮನು, ಕೈಗೆ ಸಿಕ್ಕಿದ ತರಕಾರಿಗಳನ್ನೆಲ್ಲ ಒಟ್ಟಿಗೆ ಬೇಯಿಸಿ ತೆಂಗಿನಕಾಯಿ ಹಾಕಿದ್ದೇ ಮೊದಲ ಅವಿಯಲ್ ಎಂಬುದು ಜನರ ಬಾಯಲ್ಲಿರುವ ಕಥೆ. ಕಥೆ ಹೇಗೂ ಇರಲಿ, ಕೈಗೆ ಸಿಕ್ಕಿದ್ದನ್ನು ಹಾಕುವುದು ಎಂಬ ಮಾತು ಮಾತ್ರ ನಮಗೆ ಮುಖ್ಯ. ಗಡಿಯಾಚೆಯ ಈ ಅಡುಗೆ ಕಾಸರಗೋಡು ದಾಟಿ ದಕ್ಷಿಣ ಕನ್ನಡ, ಉಡುಪಿಯ ಮನೆಗಳಲ್ಲಿ ಅವಿಲಾಗಿ ನೆಲೆಗೊಂಡಿದೆ. ಇಲ್ಲಿಯ ಸೌತೆಕಾಯಿ, ಅಲಸಂಡೆ ಅದಕ್ಕೆ ಸೇರಿಕೊಂಡಿವೆ.

"ಅದು ಮದುವೆ ಊಟದ್ದಲ್ವಾ, ಮನೆಯಲ್ಲಿ ಯಾರು ಮಾಡ್ತಾರೆ ಮಾರಾಯ್ರೆ" ಎಂದು ಕೆಲವರು ಕೇಳುತ್ತಾರೆ. ಕ್ರೈಸ್ತ ಸಹೋದರಿಯರಿಗೆ ಮೊಂತಿ ಹಬ್ಬದ ನೆನಪು ಮಾಡಿದರೆ ಸಾಕು. ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನ್ಮದಿನದಂದು, ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು ಹೊಸ ಅಕ್ಕಿಯ ಊಟ ಮಾಡುವಾಗ ಮೀನು ಮಾಂಸ ಇಲ್ಲ. ಮೂರು, ಐದು, ಏಳು ಎಂದು ಬೆಸ ಸಂಖ್ಯೆಯಲ್ಲಿ ತರಕಾರಿ ಆಗಬೇಕು. ಅದೇ ಸೋಣ ತಿಂಗಳ ಆಸುಪಾಸಿನಲ್ಲಿ ಹಿಂದೂ ಸಹೋದರಿಯರ ಮನೆಗಳಲ್ಲಿ ಅಷ್ಟಮಿ, ಚೌತಿ, ಹೊಸ ಅಕ್ಕಿ ಊಟ. ಅಲ್ಲಿಯೂ ನಾಲ್ಕಾರು ತರಕಾರಿ. ಪತ್ತನಾಜೆಯ ಹೊತ್ತಿಗೆ ಬಿತ್ತಿದ ಅಲಸಂಡೆ, ಹೀರೆ, ಸೌತೆ, ಹಾಗಲ ಕಾಯಿ ಬಿಡುವುದೂ ಆಗಲೇ. ವರ್ಷಕ್ಕೆ ಒಂದು ದಿನ ಏಳು ತರಕಾರಿ ಕೂಡಿಸಲು ನಮಗೆ ಆಗುತ್ತದೆ. ತಪಸ್ಸು ಕಾಲದ ಶುಕ್ರವಾರಗಳಲ್ಲೂ ಸಸ್ಯಾಹಾರ ಮಾಡುತ್ತೇವೆ. ಉಳಿದ ದಿನಗಳಲ್ಲಿ ಮಾತ್ರ "ಪದಾರ್ಥಕ್ಕೆ ಏನೂ ಇಲ್ಲ" ಎಂದರೆ ಮೀನು ಇಲ್ಲ ಎಂದೇ ಅರ್ಥ!

ಎಷ್ಟು ತರಕಾರಿ ಬೇಕು?

ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆಯವರು 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯ ಪ್ರಕಾರ ಬೆಳೆದ ಒಬ್ಬರಿಗೆ ದಿನಕ್ಕೆ ಸುಮಾರು 400 ಗ್ರಾಂ ತರಕಾರಿ ಬೇಕು. ಅದರಲ್ಲಿ 100 ಗ್ರಾಂ ಸೊಪ್ಪು. ಐದು ಜನರ ಮನೆಗೆ ದಿನಕ್ಕೆ ಎರಡು ಕಿಲೋ ಆಯಿತು. ಅಷ್ಟು ತಿನ್ನುವ ಮನೆ ನಮ್ಮಲ್ಲಿ ಎಷ್ಟಿವೆ ಎಂದು ನೀವೇ ಹೇಳಿ. ಒಂದೇ ಸಲಕ್ಕೆ ಎರಡು ಕಿಲೋ ತಲುಪಬೇಕೆಂದು ನಾವು ಹೇಳುವುದಿಲ್ಲ. ಆದರೆ ಸಾರಿನಲ್ಲಿ ಮುಳುಗಿದ ನಾಲ್ಕು ಸೌತೆ ಹೋಳಿಗೂ ಬಟ್ಟಲು ತುಂಬ ಅವಿಲಿಗೂ ಇರುವ ವ್ಯತ್ಯಾಸ ದೊಡ್ಡದು. ಸಾರಿನಲ್ಲಿ ಹೆಚ್ಚಿನ ಪಾಲು ನೀರು, ಅವಿಲಿನಲ್ಲಿ ಹೆಚ್ಚಿನ ಪಾಲು ತರಕಾರಿಯೇ.

ಇನ್ನೊಂದು ಅಂಕಿಯನ್ನೂ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇರುವುದು ಕಂಡುಬಂದಿದೆ. ಇಪ್ಪತ್ತು ಜನ ಸದಸ್ಯೆಯರ ಸಂಘದಲ್ಲಿ ಹನ್ನೊಂದು ಜನ ಎಂದು ಲೆಕ್ಕ ಹಾಕಿ. ಮೆಟ್ಟಿಲು ಹತ್ತುವಾಗ ಏದುಸಿರು, ಕೆಲಸ ಮಾಡುವಾಗ ಸುಸ್ತು, ತಲೆ ತಿರುಗುವುದು, ಇವನ್ನೆಲ್ಲ "ಪ್ರಾಯ ಆಯ್ತಲ್ಲ" ಎಂದು ಬಿಡುತ್ತೇವೆ.

ಅವಿಲು ತಿಂದರೆ ರಕ್ತ ತುಂಬುತ್ತದೆಯೇ? ಇಲ್ಲ, ಹಾಗೆ ಹೇಳಿದರೆ ತಪ್ಪಾಗುತ್ತದೆ. ಕಬ್ಬಿಣದ ಅಂಶ ಹೆಚ್ಚು ಇರುವುದು ನುಗ್ಗೆಸೊಪ್ಪು, ಹರಿವೆಯಂಥ ಸೊಪ್ಪಿನಲ್ಲಿ, ಹುರುಳಿಯಂಥ ಕಾಳಿನಲ್ಲಿ, ಮೀನು ಮಾಂಸದಲ್ಲಿ. ಅವಿಲಿನ ತರಕಾರಿ ನಾರು, ಜೀವಸತ್ವ, ಖನಿಜಗಳನ್ನು ಕೊಡುತ್ತದೆ. ಆದ್ದರಿಂದ ಅವಿಲು ಮಾಡಿದ ದಿನ ಜೊತೆಗೆ ಹುರುಳಿ ಸಾರು ಅಥವಾ ಒಂದು ಹಿಡಿ ನುಗ್ಗೆಸೊಪ್ಪಿನ ಪಲ್ಯ ಇರಲಿ, ಬದಿಗೆ ಲಿಂಬೆಹುಳಿ ಹಿಂಡಿಕೊಳ್ಳಿ ಅಥವಾ ನೆಲ್ಲಿಕಾಯಿ ಕಚ್ಚಿ. ಸಿ ಜೀವಸತ್ವ ಇದ್ದರೆ ಸೊಪ್ಪು ಕಾಳುಗಳ ಕಬ್ಬಿಣವನ್ನು ದೇಹ ಚೆನ್ನಾಗಿ ಹೀರಿಕೊಳ್ಳುತ್ತದೆ. ಉಂಡ ಕೂಡಲೇ ಚಹಾ ಕುಡಿದರೆ ಅದು ತಡೆಯುತ್ತದೆ, ಒಂದು ಗಂಟೆಯಾದರೂ ಕಾಯಿರಿ. ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣದ ಮಾತ್ರೆಯನ್ನು ಹಾಲು ಚಹಾದ ಜೊತೆ ನುಂಗಬಾರದೆಂಬುದಕ್ಕೂ ಇದೇ ಕಾರಣ. ಊಟ ಸರಿಯಾಯಿತೆಂದು ಮಾತ್ರೆ ಬಿಡಬೇಡಿ, ಸುಸ್ತು ಇರುವವರು ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ.

ಯಾವ ತರಕಾರಿ ಆಗುತ್ತದೆ, ಯಾವುದು ಆಗುವುದಿಲ್ಲ

ಸುವರ್ಣಗಡ್ಡೆ, ಬಾಳೆಕಾಯಿ, ನುಗ್ಗೆಕಾಯಿ, ಅಲಸಂಡೆ, ಬೂದುಗುಂಬಳ, ಪಡವಲಕಾಯಿ, ಸೌತೆಕಾಯಿ ಇವು ಅವಿಲಿಗೆ ಹೇಳಿ ಮಾಡಿಸಿದಂಥವು. ತೊಂಡೆಕಾಯಿ, ಜೀಗುಜ್ಜೆ, ಚೀನಿಕಾಯಿ, ಎಳೆ ಪಪ್ಪಾಯಿಕಾಯಿ, ಹಲಸಿನ ಬೀಜ ಹಾಕಿದರೂ ರುಚಿಯೇ. ಕ್ಯಾರೆಟ್, ಬೀನ್ಸ್ ಇದ್ದರೆ ಹಾಕಿ, ಅದನ್ನೇ ತರಲೆಂದು ಪೇಟೆಗೆ ಹೋಗಬೇಕಾಗಿಲ್ಲ. ಬೆಂಡೆಕಾಯಿ ಲೋಳೆ ಬಿಡುತ್ತದೆ, ಬೀಟ್‌ರೂಟ್ ಎಲ್ಲವನ್ನೂ ಕೆಂಪು ಮಾಡುತ್ತದೆ, ಹಾಗಲ ಹೆಚ್ಚಾದರೆ ಇಡೀ ಪಾತ್ರೆ ಕಹಿ. ಬದನೆ ಹಾಕುವವರಿದ್ದಾರೆ, ಆದರೆ ಅವಿಲಿನ ಬಣ್ಣ ಕಪ್ಪಾಗುತ್ತದೆ. ನಮ್ಮನ್ನು ಕೇಳಿದರೆ ಬದನೆಯನ್ನು ಸುಟ್ಟು ಗೊಜ್ಜು ಮಾಡುವುದೇ ಒಳ್ಳೆಯದು.

ಆಯ್ಕೆಯಲ್ಲಿ ಒಂದು ಸೂತ್ರ ನೆನಪಿಡಿ. ಗಟ್ಟಿ ಗಡ್ಡೆಯ ಜಾತಿ ಎರಡು ಪಾಲು, ಕಾಯಿಯ ಜಾತಿ ಎರಡು ಪಾಲು, ನೀರಿನಂಶ ಹೆಚ್ಚಿರುವ ಕುಂಬಳ, ಸೌತೆ ಒಂದು ಪಾಲು. ನೀರಿನ ತರಕಾರಿಯೇ ಹೆಚ್ಚಾದರೆ ಅವಿಲು ಹೋಗಿ ಸಾಂಬಾರಾಗುತ್ತದೆ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಗಡ್ಡೆ, ಬಾಳೆಕಾಯಿ ಕಡಿಮೆ ಮಾಡಿ ಅಲಸಂಡೆ, ಪಡವಲ, ತೊಂಡೆ ಹೆಚ್ಚಿಸಿ. ಗಡ್ಡೆಯಲ್ಲಿ ಪಿಷ್ಟ ಜಾಸ್ತಿ.

ಮಾಡುವ ಕ್ರಮ

ಐದಾರು ಜನರಿಗೆ ಸಿಪ್ಪೆ ತೆಗೆದು ಹೆಚ್ಚಿದ ತರಕಾರಿ ಮುಕ್ಕಾಲು ಕಿಲೋ ಬೇಕು. ಒಂದು ದೊಡ್ಡ ತೆಂಗಿನಕಾಯಿಯ ಅರ್ಧ ಕಡಿ, ಹಸಿಮೆಣಸು ನಾಲ್ಕೈದು, ಜೀರಿಗೆ ಒಂದು ಚಮಚ, ಸ್ವಲ್ಪ ಹುಳಿ ಬಂದ ದಪ್ಪ ಮೊಸರು ಒಂದು ಲೋಟ, ಅರಸಿನ ಹುಡಿ ಕಾಲು ಚಮಚ, ಎರಡು ಎಸಳು ಬೇವಿನಸೊಪ್ಪು (ಒಗ್ಗರಣೆಗೆ ಹಾಕುವ ಬೇವು), ತೆಂಗಿನೆಣ್ಣೆ ಎರಡು ಚಮಚ, ಉಪ್ಪು. ಇದರಲ್ಲಿ ಮನೆಯಲ್ಲಿ ಇಲ್ಲದ್ದು ಯಾವುದು?

ತರಕಾರಿಯನ್ನು ಮೊದಲು ತೊಳೆಯಿರಿ, ಆಮೇಲೆ ಹೆಚ್ಚಿ. ಹೆಚ್ಚಿದ ಮೇಲೆ ನೀರಿನಲ್ಲಿ ಹಾಕಿಟ್ಟರೆ ಸಿ ಮತ್ತು ಬಿ ಗುಂಪಿನ ಜೀವಸತ್ವಗಳು ಆ ನೀರಿಗೆ ಇಳಿದು ನೀರಿನೊಂದಿಗೆ ಚರಂಡಿಗೆ ಹೋಗುತ್ತವೆ. ಬಾಳೆಕಾಯಿ, ಸುವರ್ಣಗಡ್ಡೆ ಈ ಎರಡಕ್ಕೆ ಮಾತ್ರ ವಿನಾಯಿತಿ. ಬಾಳೆಕಾಯಿ ಕಪ್ಪಾಗದಿರಲು ಐದು ನಿಮಿಷ ಮಜ್ಜಿಗೆ ನೀರಿನಲ್ಲಿರಲಿ. ಸುವರ್ಣಗಡ್ಡೆಯಲ್ಲಿ ಸೂಜಿಯಂಥ ಬಹಳ ಸಣ್ಣ ಹರಳುಗಳಿರುತ್ತವೆ. ಕ್ಯಾಲ್ಸಿಯಂ ಆಕ್ಸಲೇಟ್ ಎಂದು ಅವುಗಳ ಹೆಸರು. ಅವು ಚರ್ಮಕ್ಕೆ, ಗಂಟಲಿಗೆ ಚುಚ್ಚುವುದರಿಂದಲೇ ತುರಿಕೆ. ಕೈಗೆ ತೆಂಗಿನೆಣ್ಣೆ ಸವರಿ ಹೆಚ್ಚಿ, ಹುಣಸೆಹುಳಿಯ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಆ ನೀರು ಚೆಲ್ಲಿ, ಪೂರ್ತಿ ಬೇಯಿಸಿ. ಅರೆಬೆಂದ ಗಡ್ಡೆ ತಿಂದವರಿಗೆ ಅದರ ಮೇಲೆ ಜನ್ಮವಿಡೀ ಸಿಟ್ಟು ಉಳಿಯುತ್ತದೆ.

ಹೋಳುಗಳೆಲ್ಲ ಒಂದೇ ಅಳತೆಯಲ್ಲಿರಲಿ. ಕಿರುಬೆರಳಿನಷ್ಟು ಉದ್ದ, ಅದಕ್ಕಿಂತ ಸ್ವಲ್ಪ ದಪ್ಪ. ಮದುವೆ ಅಡುಗೆಯವರು ಚಂದಕ್ಕಾಗಿ ಹೀಗೆ ಹೆಚ್ಚುತ್ತಾರೆಂದು ನಾವು ತಿಳಿದುಕೊಳ್ಳುತ್ತೇವೆ. ನಿಜವಾದ ಕಾರಣ ಬೇರೆ. ಒಂದು ಹೋಳು ದೊಡ್ಡದು, ಒಂದು ಸಣ್ಣದು ಆದರೆ ಸಣ್ಣದು ಕರಗುವಾಗ ದೊಡ್ಡದು ಇನ್ನೂ ಹಸಿ ಇರುತ್ತದೆ.

ಅವಿಲು ಕೆಡುವುದು ಮುಖ್ಯವಾಗಿ ಎರಡು ಕಡೆ. ಒಂದು, ಎಲ್ಲ ತರಕಾರಿಯನ್ನೂ ಒಟ್ಟಿಗೆ ಸುರಿದು ಕುಕ್ಕರಿನಲ್ಲಿ ಸೀಟಿ ಹಾಕಿಸುವುದು. ಹಾಗೆ ಮಾಡಿದರೆ ಕುಂಬಳ, ಸೌತೆ ಮುದ್ದೆ, ಬಾಯಿಗೆ ಸಿಗುವುದು ನುಗ್ಗೆಯ ನಾರು ಮಾತ್ರ. ದಪ್ಪ ತಳದ ಪಾತ್ರೆ ಅಥವಾ ಮಣ್ಣಿನ ಅಳಗೆ ತೆಗೆದುಕೊಳ್ಳಿ. ತಳಕ್ಕೆ ಸುವರ್ಣಗಡ್ಡೆ, ಹಲಸಿನ ಬೀಜ ಹಾಕಿ ಒಂದು ಲೋಟ ನೀರು, ಅರಸಿನ ಹುಡಿ ಸೇರಿಸಿ ಮುಚ್ಚಿ ಬೇಯಿಸಿ. ಅದು ಅರ್ಧ ಬೆಂದಾಗ ಬಾಳೆಕಾಯಿ, ನುಗ್ಗೆಕಾಯಿ, ಅಲಸಂಡೆ, ತೊಂಡೆ. ಅವು ಮುಕ್ಕಾಲು ಬೆಂದ ಮೇಲೆ ಪಡವಲ, ಕುಂಬಳ, ಸೌತೆ, ಜೊತೆಗೆ ಉಪ್ಪು. ಉಪ್ಪು ಬಿದ್ದ ಕೂಡಲೇ ಕುಂಬಳ, ಸೌತೆ ತಾವೇ ನೀರು ಬಿಡುತ್ತವೆ. ಹಾಗಾಗಿ ಮೊದಲಿಗೆ ಪಾತ್ರೆ ಒಣಗಿದಂತೆ ಕಂಡರೂ ಅವಸರಪಟ್ಟು ನೀರು ಹೊಯ್ಯಬೇಡಿ. ಸಣ್ಣ ಉರಿ, ಮುಚ್ಚಿದ ಬಾಯಿ, ಒಳಗಿನ ಹಬೆ, ಇಷ್ಟರಲ್ಲೇ ಬೇಯಬೇಕು. ಸೌಟು ಹಾಕಿ ಕಲಸುವ ಬದಲು ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿಸಿ, ಹೋಳು ಮುರಿಯುವುದಿಲ್ಲ. ಚೆಲ್ಲುವ ನೀರೆಂಬುದೇ ಈ ಅಡುಗೆಯಲ್ಲಿ ಇಲ್ಲ, ಆದ್ದರಿಂದ ನೀರಿಗೆ ಇಳಿದ ಸತ್ವವೂ ಪಾತ್ರೆಯಲ್ಲಿಯೇ ಉಳಿಯುತ್ತದೆ.

ಅಷ್ಟರಲ್ಲಿ ತೆಂಗಿನಕಾಯಿ ತುರಿ, ಹಸಿಮೆಣಸು, ಜೀರಿಗೆಯನ್ನು ತರಿತರಿಯಾಗಿ ಕಡೆಯಿರಿ. ಮಿಕ್ಸಿಯಾದರೆ ನೀರು ಹಾಕದೆ ಎರಡು ಸುತ್ತು ತಿರುಗಿಸಿದರೆ ಸಾಕು. ಗಂಧದ ಹಾಗೆ ನುಣ್ಣಗೆ ಆದರೆ ಅದು ಗಸಿಯ ಮಸಾಲೆ. ಬೆಂದ ತರಕಾರಿಯ ಮೇಲೆ ಇದನ್ನು ಹರಡಿ ಎರಡು ಮೂರು ನಿಮಿಷ ಮುಚ್ಚಿಡಿ, ಹಸಿವಾಸನೆ ಹೋಗುತ್ತದೆ.

ಅವಿಲು ಕೆಡುವ ಎರಡನೆಯ ಕಡೆ ಮೊಸರು. "ಮೊಸರು ಹಾಕಿದ್ರೆ ಒಡೆದು ನೀರು ನೀರು ಆಗ್ತದೆ" ಎಂದು ಹಲವರು ದೂರುತ್ತಾರೆ. ಮೊಸರಿನ ಸಸಾರಜನಕ ಹೆಚ್ಚು ಬಿಸಿ ತಾಗಿದಾಗ ಗಟ್ಟಿಗಟ್ಟಿ, ಅದರೊಳಗಿನ ನೀರು ಬೇರೆಯಾಗುತ್ತದೆ. ಆದ್ದರಿಂದ ಒಲೆ ಆರಿಸಿ, ಕುದಿ ಇಳಿದ ಮೇಲೆ, ಕಡೆದ ಮೊಸರನ್ನು ಸುತ್ತಲೂ ಹೊಯ್ಯಿರಿ. ಮತ್ತೆ ಕುದಿಸಬೇಡಿ. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಮೊಸರಾದರೆ ಸ್ವಲ್ಪ ಹೊತ್ತು ಹೊರಗಿಟ್ಟು ಹಾಕಿ. ಮೊಸರು ಇಲ್ಲದ ಮನೆಯಲ್ಲಿ ಹುಳಿ ಮಾವಿನಕಾಯಿಯ ನಾಲ್ಕು ಹೋಳು ಅಥವಾ ಸ್ವಲ್ಪ ಹುಣಸೆರಸ ಹಾಕಬಹುದು, ಕೇರಳದಲ್ಲಿಯೂ ಹಾಗೆ ಮಾಡುವ ಊರುಗಳಿವೆ. ಕೊನೆಗೆ ಹಸಿ ತೆಂಗಿನೆಣ್ಣೆ, ಬೇವಿನಸೊಪ್ಪು ಹಾಕಿ ಮುಚ್ಚಿಡಿ. ಒಗ್ಗರಣೆ ಬೇಡ, ಸಾಸಿವೆ ಬೇಡ, ಈರುಳ್ಳಿ ಬೇಡ. ಹತ್ತು ನಿಮಿಷ ಬಿಟ್ಟು ಮುಚ್ಚಳ ತೆಗೆದಾಗ ಬರುವ ಪರಿಮಳವೇ ಅವಿಲಿನದ್ದು.

ಚೀನಿಕಾಯಿ, ಕ್ಯಾರೆಟಿನ ಎ ಜೀವಸತ್ವ ದೇಹಕ್ಕೆ ಹಿಡಿಯಬೇಕಾದರೆ ಸ್ವಲ್ಪ ಕೊಬ್ಬು ಬೇಕು, ತೆಂಗು ಆ ಕೆಲಸ ಮಾಡುತ್ತದೆ. ಸ್ವಲ್ಪ ಎಂದರೆ ಸ್ವಲ್ಪ. ರುಚಿಯಾಯಿತೆಂದು ಎರಡು ಕಾಯಿ ಸುಲಿಯುವುದು ಬೇಡ.

ಯಾರ ಬಟ್ಟಲಿಗೆ ಎಷ್ಟು?

ಅಡುಗೆಯ ಕ್ರಮ ಹೇಳಿ ಇಲ್ಲಿಗೆ ನಿಲ್ಲಿಸಿದರೆ ನಮ್ಮ ಕೆಲಸ ಅರ್ಧವೇ ಆದೀತು. ನಮ್ಮ ಹೆಚ್ಚಿನ ಮನೆಗಳಲ್ಲಿ ಮೊದಲು ಗಂಡಸರು, ಆಮೇಲೆ ಮಕ್ಕಳು, ಅತ್ತೆ ಮಾವ, ಕೊನೆಗೆ ಅಡುಗೆ ಮಾಡಿದವಳು. ಸಾರಾದರೆ ಕೊನೆಗೆ ನೀರಾದರೂ ಉಳಿಯುತ್ತದೆ, ಅದನ್ನೇ ಅನ್ನಕ್ಕೆ ಹೊಯ್ದು ಉಣ್ಣುತ್ತಾಳೆ. ಅವಿಲಿನಲ್ಲಿ ಅದೂ ಇಲ್ಲ. ಮೊದಲ ನಾಲ್ಕು ಸೌಟಿನಲ್ಲಿ ನುಗ್ಗೆ, ಗಡ್ಡೆ, ಅಲಸಂಡೆ ಹೋಗಿ ಅವಳಿಗೆ ಪಾತ್ರೆಯ ಬದಿಗೆ ಅಂಟಿದ ತೆಂಗಿನಕಾಯಿ ಸಿಗುತ್ತದೆ. ಐದು ಬಗೆ ತರಕಾರಿಯನ್ನು ತೊಳೆದು, ಹೆಚ್ಚಿ, ತುರಿಕೆ ತಡೆದು, ಬೇಯಿಸಿದವಳೇ ಉಪ್ಪಿನಕಾಯಿಯಲ್ಲಿ ಊಟ ಮುಗಿಸುತ್ತಾಳೆ. ಮೇಲೆ ಹೇಳಿದ ನೂರಕ್ಕೆ 57ರ ಲೆಕ್ಕದಲ್ಲಿ ಈ ಸೌಟಿನ ಪಾಲೂ ಇದೆ ಎಂಬುದು ನಮ್ಮ ಅಭಿಪ್ರಾಯ.

ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣುವುದು ಎಲ್ಲಕ್ಕಿಂತ ಒಳ್ಳೆಯದು. ಕೆಲಸ, ಶಾಲೆ, ಬಸ್ಸಿನ ಸಮಯದಿಂದ ಅದು ಆಗದ ಮನೆಯಲ್ಲಿ ಹೀಗೆ ಮಾಡಿ: ಬಡಿಸಲು ಶುರು ಮಾಡುವ ಮೊದಲೇ ಮನೆಯಲ್ಲಿ ಎಷ್ಟು ಜನರೋ ಅಷ್ಟು ಬಟ್ಟಲು ಇಟ್ಟು ಅವಿಲನ್ನು ಹಂಚಿಬಿಡಿ. ನಿಮ್ಮ ಬಟ್ಟಲೂ ಅದರಲ್ಲಿ ಇರಲಿ, ಮುಚ್ಚಿಡಿ. "ನನಗೇನು ಪ್ರತ್ಯೇಕ ಅಂತ ಅತ್ತೆ ಕೇಳಿದ್ರೆ?" ಎಂದು ಚಿಕ್ಕ ಪ್ರಾಯದ ಸದಸ್ಯೆಯರು ಹೆದರುತ್ತಾರೆ. ಅತ್ತೆಯ ಬಟ್ಟಲೂ ಅಷ್ಟೇ ತುಂಬಿರುವಾಗ ಕೇಳಲಿಕ್ಕೆ ಏನಿದೆ? ಅತ್ತೆಗೂ ಆ ಮನೆಯಲ್ಲಿ ಬಹಳ ವರ್ಷ ಕೊನೆಯ ಸೌಟೇ ಸಿಕ್ಕಿರುತ್ತದೆ. ಬಸುರಿ, ಬಾಣಂತಿ, ಪ್ರಾಯಕ್ಕೆ ಬಂದ ಹೆಣ್ಣುಮಕ್ಕಳು ಇರುವ ಮನೆಯಲ್ಲಿ ಅವರ ಬಟ್ಟಲನ್ನು ಮೊದಲು ತುಂಬಿ.

ಸಂಘದಿಂದ ಅಡುಗೆ ವಹಿಸಿಕೊಳ್ಳುವವರಿಗೆ

ಚರ್ಚಿನ ವಾರ್ಷಿಕ ಹಬ್ಬ, ತರಬೇತಿ ಶಿಬಿರ, ಗೃಹಪ್ರವೇಶ ಮುಂತಾದವುಗಳ ಊಟ ವಹಿಸಿಕೊಳ್ಳುವ ಸಂಘಗಳು ಅವಿಲನ್ನು ಪಟ್ಟಿಯಲ್ಲಿ ಸೇರಿಸಬಹುದು. ನೂರು ಜನರಿಗೆ, ಬೇರೆ ಪದಾರ್ಥಗಳೂ ಇರುವ ಊಟವಾದರೆ, ಹೆಚ್ಚಿದ ತರಕಾರಿ ಏಳೆಂಟು ಕಿಲೋ, ತೆಂಗಿನಕಾಯಿ ಐದಾರು, ಮೊಸರು ಎರಡು ಲೀಟರಿನ ಆಸುಪಾಸು. ಉಪ್ಪು, ಮೆಣಸನ್ನು ಮಾತ್ರ ಹಾಗೆಯೇ ಗುಣಿಸಬೇಡಿ, ಮುಕ್ಕಾಲು ಪಾಲು ಹಾಕಿ ರುಚಿ ನೋಡಿ. ತೆಂಗು ಮೊಸರು ಬಿದ್ದ ಅಡುಗೆ ನಮ್ಮ ಸೆಕೆಗೆ ಬೇಗ ಹಳಸುತ್ತದೆ. ಮಧ್ಯಾಹ್ನ ಒಂದು ಗಂಟೆಯ ಊಟಕ್ಕೆ ತರಕಾರಿ ಮೊದಲೇ ಬೆಂದಿರಲಿ, ತೆಂಗು ಮೊಸರು ಹನ್ನೊಂದೂವರೆಯ ಮೇಲೆ ಸೇರಲಿ. ಖರ್ಚು ಬರೆಯುವಾಗ ಹಿತ್ತಿಲಿನಿಂದ ಸದಸ್ಯೆಯರು ತಂದ ತರಕಾರಿಗೂ ಮಾರ್ಕೆಟಿನ ಕ್ರಯ ಹಾಕಿ, ತಂದವರಿಗೆ ಹಣ ಕೊಡಿ. "ಮನೆದಲ್ವಾ" ಎಂದು ಬಿಟ್ಟರೆ ಲಾಭ ಸುಳ್ಳಾಗಿ ಕಾಣುತ್ತದೆ. ಹೆಚ್ಚಿದವರ, ತುರಿದವರ ಕೂಲಿಯೂ ಖರ್ಚಿನಲ್ಲಿ ಬರಬೇಕು. ಆಹಾರ ಮಾರುವ ಕೆಲಸವನ್ನು ನಿರಂತರವಾಗಿ ಮಾಡುವ ಸಂಘಗಳು ಆಹಾರ ಸುರಕ್ಷತಾ ಇಲಾಖೆಯಲ್ಲಿ ನೋಂದಣಿ ಮಾಡಿಸಿಕೊಳ್ಳಬೇಕು.

ಮನೆಯಲ್ಲಿ ರಾತ್ರಿಗೂ ಬೇಕೆಂದಿದ್ದರೆ ಮೊಸರು ಹಾಕುವ ಮೊದಲೇ ಅರ್ಧ ತೆಗೆದಿಟ್ಟು, ರಾತ್ರಿ ಚೆನ್ನಾಗಿ ಬಿಸಿ ಮಾಡಿ ಆಮೇಲೆ ಮೊಸರು ಸೇರಿಸಿ. ಮರುದಿನಕ್ಕೆ ಇಡುವಂಥ ಅಡುಗೆ ಇದಲ್ಲ.

ಬರುವ ತಿಂಗಳ ಮೊದಲ ಸಭೆಗೆ ಪ್ರತಿಯೊಬ್ಬ ಸದಸ್ಯೆಯೂ ತನ್ನ ಹಿತ್ತಿಲಿನ ಒಂದು ತರಕಾರಿಯನ್ನು, ಒಂದು ಹಿಡಿಯಾದರೂ ಸರಿ, ತರುವಂತೆ ಪ್ರೇರಕಿಯರು ತಿಳಿಸಲಿ. ತಂದದ್ದನ್ನು ತೂಕ ಮಾಡಿ ಪುಸ್ತಕದಲ್ಲಿ ಬರೆಯಿರಿ, ಅಲ್ಲಿಯೇ ಅವಿಲು ಮಾಡಿ ಉಣ್ಣಿ. ಹಿತ್ತಿಲೇ ಇಲ್ಲದೆ ಬಾಡಿಗೆ ಮನೆಯಲ್ಲಿರುವ ಸದಸ್ಯೆಯರು ತೆಂಗಿನಕಾಯಿ ಅಥವಾ ಮೊಸರು ತರಬಹುದು. ಬೀಜಕ್ಕೆಂದು ಬಿಟ್ಟ ಅಲಸಂಡೆ, ಸೌತೆ, ಚೀನಿಕಾಯಿಯ ಬೀಜ ಯಾರ ಮನೆಯಲ್ಲಿದೆಯೋ ಅವರು ಬೂದಿ ಬೆರೆಸಿ ಒಣಗಿಸಿ ಪೊಟ್ಟಣ ಕಟ್ಟಿ ಅಂದೇ ತನ್ನಿ. ತೊಂಡೆಯ ಬಳ್ಳಿ, ನುಗ್ಗೆಯ ಗೆಲ್ಲು ಬೇಕಾದವರು ಹೆಸರು ಕೊಟ್ಟರೆ ಪಕ್ಕದ ಸಂಘಗಳಿಂದ ತರಿಸಿಕೊಡುತ್ತೇವೆ.